ಇಂಗ್ಲಿಷಿಗೆ ಓಡುವ ಕೋಡು ಕನ್ನಡಕ್ಕೇಕೆ ಮುಗ್ಗರಿಸುತ್ತದೆ?



ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿದಿದ್ದೇವೆ, ಬೇಕಾದರೆ ನಾಳೆಯೂ ಬಳಿಯುತ್ತೇವೆ. ಆದರೆ ನಿಮ್ಮಲ್ಲಿ ಎಷ್ಟೋ ಮಂದಿ ಬೆಳಗಾದರೆ ಕಂಪನಿ ಬಸ್ಸು ಹತ್ತಿ ಕೋಡು ಬರೆಯಲು ಹೋಗುವವರು. ಇವತ್ತು ನನ್ನ ಜಗಳ ನಿಮ್ಮ ಜೊತೆಗೇ!

ನನ್ನ ಪ್ರೆಸ್ಸಿನ ಮೂಲೆಯಲ್ಲಿ ಒಂದು ಮುದಿ ಕಂಪ್ಯೂಟರ್ ಇದೆ. ಗುಜರಿಗೆ ಹಾಕುವಂತಿಲ್ಲ. ಹದಿನೈದು ವರ್ಷ ನಾವು ಕಂಪೋಸ್ ಮಾಡಿದ ಪುಸ್ತಕ, ಲಗ್ನಪತ್ರಿಕೆ, ಸ್ಮರಣ ಸಂಚಿಕೆಗಳೆಲ್ಲ ಅದರೊಳಗಿನ ಒಂದು ಕನ್ನಡ ತಂತ್ರಾಂಶದಲ್ಲಿ ಸಿಕ್ಕಿಹಾಕಿಕೊಂಡಿವೆ. ಹಳೇ ವಿಂಡೋಸ್ ಬಿಟ್ಟರೆ ಅದು ಬೇರೆಲ್ಲೂ ಓಡದು. ಮಾಡಿದವರು ಅಂಗಡಿ ಮುಚ್ಚಿದರು, ಸೋರ್ಸ್ ಕೋಡನ್ನು ಯಾರ ಕೈಗೂ ಕೊಡಲಿಲ್ಲ. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ ಅಚ್ಚಾದ ಹಾಳೆ ಕೊಟ್ಟು ಹಸ್ತಪ್ರತಿಯನ್ನು ಸುಟ್ಟುಹಾಕಿದರು. ಹಸ್ತಪ್ರತಿ ಇದ್ದರೆ ಯಾವ ಪ್ರೆಸ್ಸಿಗಾದರೂ ಒಯ್ಯಬಹುದಿತ್ತಲ್ಲ?

ಸಿ ಭಾಷೆ ಹೆಸರು ಮಾಡಿದ್ದೇ ಈ ಗುಣದಿಂದ. 1973ರಲ್ಲಿ ಯೂನಿಕ್ಸನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. 1978ರ ಹೊತ್ತಿಗೆ ಅದನ್ನು ಪಿಡಿಪಿ-11 ಯಂತ್ರದಿಂದ ಇಂಟರ್‌ಡೇಟಾ 8/32 ಎಂಬ ಬೇರೆಯೇ ಜಾತಿಯ ಯಂತ್ರಕ್ಕೆ ಸಾಗಿಸಿದ್ದರು. ಇವತ್ತೂ ಅಷ್ಟೇ. ಒಂದೇ ಕೋಡನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಕಂಪೈಲ್ ಮಾಡಬಹುದು.

ಆದರೆ ಬರೆದವನಿಗೆ ಆ ಎಚ್ಚರ ಇರಬೇಕು. ಫೈಲಿನ ಹೆಸರಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲಾದರೆ ವಿಂಡೋಸ್ ತಲೆ ಕೆಡಿಸಿಕೊಳ್ಳುವುದಿಲ್ಲ, ಲಿನಕ್ಸ್ ಒಪ್ಪುವುದಿಲ್ಲ. 'ಲಾಂಗ್' ಎಂಬ ಸಂಖ್ಯೆಗೆ 64 ಬಿಟ್ ವಿಂಡೋಸಿನಲ್ಲಿ 4 ಬೈಟು, 64 ಬಿಟ್ ಲಿನಕ್ಸಿನಲ್ಲಿ 8 ಬೈಟು. ಇವೆಲ್ಲ ಎಲ್ಲರಿಗೂ ಬರುವ ಕಾಟ, ಬಿಡಿ.

ಇಂಗ್ಲಿಷಿಗೆ ಬಾರದ, ಕನ್ನಡಕ್ಕೆ ಬರುವ ಕಾಟ ಕೇಳಿ. ಸಿ ಭಾಷೆಯ 'ಚಾರ್' ಋಣ ಸಂಖ್ಯೆ ಹಿಡಿಯಬೇಕೋ ಬೇಡವೋ ಎಂಬುದನ್ನು 1989ರ ಆನ್ಸಿ ಸ್ಟ್ಯಾಂಡರ್ಡ್ ಕಂಪೈಲರಿನ ಇಷ್ಟಕ್ಕೇ ಬಿಟ್ಟುಬಿಟ್ಟಿತು. ಇಂಟೆಲ್ ಚಿಪ್ಪಿನ ಪಿಸಿಯಲ್ಲಿ ಸಾಮಾನ್ಯವಾಗಿ ಅದು -128ರಿಂದ 127. ಎಆರ್‌ಎಂ ಚಿಪ್ಪಿನ ಲಿನಕ್ಸಿನಲ್ಲಿ 0ಯಿಂದ 255. ಇಂಗ್ಲಿಷಿನ ಅಕ್ಷರಗಳೆಲ್ಲ 127ರ ಒಳಗೇ ಮುಗಿಯುತ್ತವೆ, ಆದ್ದರಿಂದ ಇಂಗ್ಲಿಷಿನವನಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಯುಟಿಎಫ್-8ರಲ್ಲಿ ನಮ್ಮ ಪ್ರತಿ ಅಕ್ಷರದ ಮೊದಲ ಬೈಟು 224. ಒಂದು ಯಂತ್ರದಲ್ಲಿ ಅದು 224 ಆಗಿಯೇ ಉಳಿದರೆ ಇನ್ನೊಂದರಲ್ಲಿ -32 ಆಗುತ್ತದೆ! ಆ -32 ಹಿಡಿದು 'ಇದು ಅಕ್ಷರವೇ?' ಎಂದು 'ಇಸ್‌ಆಲ್ಫಾ'ವನ್ನು ಕೇಳಿದರೆ ಏನಾಗುತ್ತದೆಂದು ಸ್ಟ್ಯಾಂಡರ್ಡ್ ಕೂಡ ಹೇಳುವುದಿಲ್ಲ. ಒಂದು ಕಡೆ ಓಡಬಹುದು, ಇನ್ನೊಂದು ಕಡೆ ಕುಸಿದು ಬೀಳಬಹುದು.

ಇನ್ನು 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರಕ್ಷರ, ಯೂನಿಕೋಡಿನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟು. ಹತ್ತಕ್ಷರಕ್ಕೆ ಹತ್ತು ಬೈಟು ಸಾಕೆಂದು ಬರೆದ ಪ್ರೋಗ್ರಾಮಿನಲ್ಲಿ ನಮ್ಮ ಭಾಷೆಯ ಹೆಸರೇ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಪಿಯುಸಿ ಓದಿದ ನಾನು ಪ್ರೆಸ್ಸಿಗೆ ಬರುವ ಹುಡುಗರ ಪಕ್ಕ ಕೂತು ಇಷ್ಟು ತಿಳಿದುಕೊಂಡೆ. ಬಿ.ಇ. ಮಾಡಿದ ನೀವು ಒಮ್ಮೆಯಾದರೂ ನಿಮ್ಮ ಕೋಡಿಗೆ ಕನ್ನಡ ಉಣಿಸಿ ನೋಡಿದ್ದೀರಾ?

ಸರ್ಕಾರದ ದುಡ್ಡಿನಲ್ಲಿ ತಯಾರಾಗುವ ಪ್ರತಿ ಕನ್ನಡ ತಂತ್ರಾಂಶದ ಸೋರ್ಸ್ ಕೋಡ್ ಜನರ ಕೈಗೆ ಬರಬೇಕು. ಮೂರೂ ಸಿಸ್ಟಮಿನಲ್ಲಿ ಕಂಪೈಲ್ ಆಗಿ, ಕನ್ನಡ ಪಠ್ಯದಲ್ಲೇ ಪರೀಕ್ಷೆಯಾದ ಮೇಲೆ ಬಿಲ್ಲು ಪಾಸಾಗಬೇಕು. ಇದಕ್ಕೆ ನಾವು ಬೀದಿಗಿಳಿಯೋಣ. ನೀವು 'ಅನ್‌ಸೈನ್ಡ್ ಚಾರ್' ಎಂದು ಬಿಡಿಸಿ ಬರೆಯಿರಿ, ಕಂಪೈಲರಿನ ಎಚ್ಚರಿಕೆಗಳನ್ನೆಲ್ಲ ಆನ್ ಮಾಡಿ, 'ಸ್ತ್ರೀ', 'ಜ್ಯೋತ್ಸ್ನಾ' ಥರದ ಒತ್ತಕ್ಷರ ಕೊಟ್ಟು ಪರೀಕ್ಷಿಸಿ.

ಹಾಗೆಯೇ ಒಂದು ಭಾನುವಾರ ಬಿಡುವು ಮಾಡಿಕೊಂಡು ನನ್ನ ಪ್ರೆಸ್ಸಿಗೂ ಬನ್ನಿ. ಆ ಮುದಿ ಕಂಪ್ಯೂಟರಿನ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವ ಪ್ರೋಗ್ರಾಮು ಬೇಕಾಗಿದೆ. ಕಾಫಿ, ತಿಂಡಿ ನನ್ನದು.