ದೀಪಕ್ಕೆ ಮುದ್ರೆಯುಂಟು, ಹಳೆಯ ಪಟ್ಟಿಗೆ?

2015ರಲ್ಲಿ ಉಜಾಲಾ ಯೋಜನೆ ಆರಂಭವಾದ ಬಳಿಕ ಎಲ್‌ಇಡಿ ದೀಪ ಮನೆಮನೆಗೂ ಬಂದಿದೆ. ವಿದ್ಯುತ್ ಉಳಿತಾಯವು ಸ್ವಾಗತಾರ್ಹವೇ ಸರಿ. ಹಳೆಯ ಟ್ಯೂಬ್‌ಲೈಟ್ ಪಟ್ಟಿಯ ಚೋಕ್, ಸ್ಟಾರ್ಟರ್ ಕಿತ್ತು, ತಂತಿ ಬದಲಿಸಿ ಎಲ್‌ಇಡಿ ಟ್ಯೂಬ್ ಕೂರಿಸುವ ರೂಢಿ ಮಾತ್ರ ಚಿಂತನಾರ್ಹ. ಭಾರತೀಯ ಮಾನಕ ಬ್ಯೂರೊದ ನೋಂದಣಿ ಮುದ್ರೆಯು ಹೊಸ ದೀಪಕ್ಕೆ ಸಲ್ಲುತ್ತದೆ. ತಂತಿ ಬದಲಿಸಿದ ಹಳೆಯ ಪಟ್ಟಿಗಲ್ಲ. ಮುಂದೊಮ್ಮೆ ಅರಿಯದವರು ಅದೇ ಪಟ್ಟಿಗೆ ಹಳೆಯ ಬಗೆಯ ಟ್ಯೂಬನ್ನೇ ಸಿಕ್ಕಿಸಿದರೆ ಅಪಾಯ ಕಟ್ಟಿಟ್ಟದ್ದು.

ಸಂಡೂರು ತಾಲ್ಲೂಕಿನ ಕುರೆಕುಪ್ಪದಂತಹ ಅದಿರಿನ ಸೀಮೆಯಲ್ಲಿ ಧೂಳಿನ ಚಿಂತೆಯೂ ಇದೆ. ಧೂಳು ಹೊಗದಂತೆ ತಯಾರಿಸಿ ಪರೀಕ್ಷಿಸಿದ ಬೀದಿದೀಪದ ಕವಚಕ್ಕೆ ರಂಧ್ರ ಕೊರೆದರೆ ಆ ಪರೀಕ್ಷೆಯ ಖಾತರಿ ಉಳಿಯದು. ಆದ್ದರಿಂದ ಪುರಸಭೆಯು ಟೆಂಡರಿನಲ್ಲಿ ದೀಪದ ಮುದ್ರೆಯನ್ನಷ್ಟೇ ಕೇಳಿದರೆ ಸಾಲದು. ಮಾರ್ಪಡಿಸಿದ ಪ್ರತಿಯೊಂದು ದೀಪದ ಅರ್ಥಿಂಗ್ ಮತ್ತು ಇನ್ಸುಲೇಶನ್ ಪರೀಕ್ಷೆಯನ್ನೂ, ಎಚ್ಚರಿಕೆಯ ಚೀಟಿಯನ್ನೂ ಕಡ್ಡಾಯಗೊಳಿಸಬೇಕು. ಉಳಿತಾಯದ ಬೆಲೆಯನ್ನು ಕಂಬವೇರುವ ಕಾರ್ಮಿಕನು ತೆರುವಂತಾಗಬಾರದು.