ದೂರದ ಮ್ಯಾನೇಜರ್, ಇಲ್ಲಿನ ತಂಡ: ನಲವತ್ತು ವರ್ಷಗಳ ಲೆಕ್ಕ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದು, ಉಪಗ್ರಹದ ಮೂಲಕ ಅದನ್ನು ಹೊರದೇಶದ ತನ್ನ ಕಚೇರಿಗಳಿಗೆ ಜೋಡಿಸಿತು. ಕೆಲಸ ಇಲ್ಲಿ, ಮೇಲ್ವಿಚಾರಣೆ ಸಾಗರದಾಚೆ ಎಂಬ ಏರ್ಪಾಟು ನಮ್ಮಲ್ಲಿ ಬೇರೂರತೊಡಗಿದ್ದು ಆಗ. ಅದಕ್ಕೀಗ ನಲವತ್ತು ವರ್ಷ ತುಂಬಿದೆ. ಈ ಅವಧಿಯಲ್ಲಿ ಬಂದ ಸಂಬಳ, ರಫ್ತು, ಎದ್ದ ಕಟ್ಟಡಗಳ ಲೆಕ್ಕವನ್ನು ಬಹಳ ಮಂದಿ ಬರೆದಿದ್ದಾರೆ. ದೂರದ ಮ್ಯಾನೇಜರ್ ಮತ್ತು ಇಲ್ಲಿನ ತಂಡದ ನಡುವಿನ ತಿಕ್ಕಾಟ ಎಲ್ಲಿಂದ ಎಲ್ಲಿಗೆ ಬಂತು ಎಂಬ ಲೆಕ್ಕ ಬಾಕಿ ಉಳಿದಿದೆ. ಲಕ್ಷಾಂತರ ಮನೆಗಳ ರಾತ್ರಿಯೂಟ, ನಿದ್ದೆ, ನೆಮ್ಮದಿ ಈ ಸಂಬಂಧವನ್ನು ಅವಲಂಬಿಸಿರುವಾಗ ಆ ಲೆಕ್ಕವನ್ನು ಇನ್ನೂ ಮುಂದೂಡುವುದು ಸರಿಯಲ್ಲ.

ಮೊದಲ ಹದಿನೈದು ವರ್ಷ ತಿಕ್ಕಾಟ ಕಡಿಮೆಯಿತ್ತು ಎಂದರೆ ತಪ್ಪಾಗದು. 1991ರಲ್ಲಿ ಸ್ಥಾಪನೆಯಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸಣ್ಣ ಕಂಪನಿಗಳಿಗೂ ಉಪಗ್ರಹ ಸಂಪರ್ಕ ಒದಗಿಸಿತು. ಆದರೂ ಸಂಪರ್ಕ ದುಬಾರಿಯಾಗಿತ್ತು. ಹಾಗಾಗಿ ಏನು ಮಾಡಬೇಕೆಂಬುದನ್ನು ಮೊದಲೇ ವಿವರವಾಗಿ ಬರೆದು ಕಳಿಸುತ್ತಿದ್ದರು. ವೈ2ಕೆ ಕಾಲದ ಕೆಲಸವಂತೂ ಸ್ಪಷ್ಟವಾಗಿತ್ತು: ಎರಡು ಅಂಕಿಯಲ್ಲಿ ಬರೆದ ಇಸವಿ 2000ವನ್ನು ತಪ್ಪಾಗಿ ಓದದಂತೆ ಪ್ರೋಗ್ರಾಂಗಳನ್ನು ತಿದ್ದುವುದು. ಇದಕ್ಕಿಂತ ಮುಖ್ಯವಾಗಿ, ಎರಡೂ ಕಡೆಯ ನಡುವೆ, ಗ್ರಾಹಕರ ಕಚೇರಿಯಲ್ಲೇ ಕೂತ ಆನ್‌ಸೈಟ್ ಕೋಆರ್ಡಿನೇಟರ್ ಒಬ್ಬರಿರುತ್ತಿದ್ದರು. ಗ್ರಾಹಕರ ಸಿಟ್ಟನ್ನು ಎದುರಿಗೆ ಕಂಡವರು ಅವರೇ, ಇಲ್ಲಿನ ತಂಡದ ಕಷ್ಟವನ್ನು ಬಲ್ಲವರೂ ಅವರೇ. ಅಲ್ಲಿಂದ ಬಂದ ಗದರಿಕೆಯನ್ನು ಅವರು ಮೆದುವಾಗಿಸಿ ದಾಟಿಸುತ್ತಿದ್ದರು. ಇಲ್ಲಿನ ತಡಕ್ಕೆ ಅಲ್ಲಿ ಕಾರಣ ಹೇಳುತ್ತಿದ್ದರು. ಖರ್ಚು ಉಳಿಸಲೆಂದು ಎಷ್ಟೋ ಕಡೆ ಮುಂದೆ ಈ ಹುದ್ದೆಯನ್ನೇ ತೆಗೆದುಹಾಕಿದರು. ಆ ಜಾಗ ಖಾಲಿಯಾದದ್ದರ ಪರಿಣಾಮವನ್ನು ನಾವು ಈಗಲೂ ಉಣ್ಣುತ್ತಿದ್ದೇವೆ.

2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಹದಿನೇಳು ಮಂದಿ ಸೇರಿ, ಸಾಫ್ಟ್‌ವೇರ್ ಅಭಿವೃದ್ಧಿಯ ಹೊಸ ಪದ್ಧತಿಯನ್ನು ಸಾರಿದ ಅಜೈಲ್ ಪ್ರಣಾಳಿಕೆಯನ್ನು ರೂಪಿಸಿದರು. ತಂಡದೊಳಗೆ ಮಾಹಿತಿ ಹಂಚಿಕೊಳ್ಳಲು ಮುಖಾಮುಖಿ ಮಾತೇ ಅತ್ಯುತ್ತಮ ದಾರಿ ಎಂಬುದು ಅದರ ತತ್ವಗಳಲ್ಲೊಂದು. ಒಂದೇ ಕೋಣೆಯಲ್ಲಿ ಕೂತವರನ್ನು ಮನಸ್ಸಿನಲ್ಲಿಟ್ಟುಕೊಂಡ ಈ ಪದ್ಧತಿಯನ್ನು ಉದ್ಯಮ ಎರಡು ಖಂಡಗಳಿಗೆ ಹಂಚಿ ಹಾಕಿತು. ಕೆಲಸದ ಸ್ವರೂಪ ವಾರವಾರಕ್ಕೂ ಬದಲಾಗತೊಡಗಿತು, ಸ್ಟ್ಯಾಂಡ್‌ಅಪ್ ಎಂಬ ದಿನದ ಕಿರುಸಭೆ ಅನಿವಾರ್ಯವಾಯಿತು. ಅದು ಅಲ್ಲಿನ ಬೆಳಗಿಗೆ ಹೊಂದಿಕೊಂಡಿತು, ಅಂದರೆ ಇಲ್ಲಿನ ರಾತ್ರಿಗೆ. ನ್ಯೂಯಾರ್ಕಿಗಿಂತ ನಾವು ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದಿದ್ದೇವೆ. ಕ್ಯಾಲಿಫೋರ್ನಿಯಾಕ್ಕಿಂತ ಇನ್ನೂ ಮೂರು ಗಂಟೆ ಹೆಚ್ಚು. ನವೆಂಬರಿನ ಮೊದಲ ಭಾನುವಾರ ಅಮೆರಿಕ ತನ್ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಬೆಂಗಳೂರಿನ ಎಂಟೂವರೆಯ ಕಾಲ್ ಒಂಬತ್ತೂವರೆಗೆ ಜಾರುತ್ತದೆ. ಮಾರ್ಚಿನ ಎರಡನೇ ಭಾನುವಾರದವರೆಗೆ ಮಗುವನ್ನು ಮಲಗಿಸುವ ಹೊತ್ತು ಕಾಲ್‌ಗೆ ಮೀಸಲು. ಈ ಬದಲಾವಣೆ ನಿಮಗೆ ಸರಿಹೋಗುತ್ತದೆಯೇ ಎಂದು ತಂಡವನ್ನು ಕೇಳುವ ರೂಢಿ ಬಹುತೇಕ ಕಚೇರಿಗಳಲ್ಲಿ ಬೆಳೆಯಲೇ ಇಲ್ಲ.

2020ರ ಮಾರ್ಚ್‌ನಲ್ಲಿ ಬಂದ ಲಾಕ್‌ಡೌನ್ ಎಲ್ಲರನ್ನೂ ಮನೆಯಿಂದಲೇ ಕೆಲಸ ಮಾಡುವವರನ್ನಾಗಿಸಿತು. ಅಲ್ಲಿನ ಮ್ಯಾನೇಜರ್ ಕೂಡ ಅಡುಗೆಮನೆಯ ಮೇಜಿನಿಂದ ಮಾತಾಡಿದಾಗ, ಪರದೆಯಲ್ಲಿ ಅವರ ಮಕ್ಕಳು ಇಣುಕಿದಾಗ, ಎರಡೂ ಕಡೆಗೆ ಒಂದಷ್ಟು ಸಲಿಗೆ ಹುಟ್ಟಿತು. ಅದು ಆ ಕಾಲದ ಲಾಭ. ನಷ್ಟವೆಂದರೆ, ಕೆಲಸಕ್ಕೂ ಮನೆಗೂ ನಡುವೆ ಇದ್ದ ಕೊನೆಯ ಬಾಗಿಲೂ ತೆರೆದುಕೊಂಡಿತು. ಮೆಸೇಜಿಗೆ ಐದು ನಿಮಿಷದಲ್ಲಿ ಉತ್ತರ ಬರಬೇಕೆಂಬ ನಿರೀಕ್ಷೆ ಬೆಳೆಯಿತು. ಕಚೇರಿಗಳು ಮತ್ತೆ ತೆರೆದರೂ ಆ ನಿರೀಕ್ಷೆ ಹಿಂದೆ ಸರಿಯಲಿಲ್ಲ.

ಜಗಳ ಹುಟ್ಟುವ ಬಗೆಯನ್ನು ಸಂಶೋಧಕರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಬೇರೆ ಬೇರೆ ದೇಶಗಳಲ್ಲಿ ಚದುರಿದ್ದ ವಿದ್ಯಾರ್ಥಿ ತಂಡಗಳನ್ನು ಅಭ್ಯಾಸ ಮಾಡಿದ ಕ್ಯಾಥರೀನ್ ಕ್ರ್ಯಾಮ್ಟನ್ 2001ರಲ್ಲಿ ಒಂದು ಮುಖ್ಯ ಅಂಶವನ್ನು ಮುಂದಿಟ್ಟರು: ಆಚೆಯವರ ಪರಿಸ್ಥಿತಿ ಗೊತ್ತಿಲ್ಲದಾಗ ತೊಡಕಿನ ಹೊಣೆಯನ್ನು ಜನ ಪರಿಸ್ಥಿತಿಗಲ್ಲದೆ ಆ ವ್ಯಕ್ತಿಯ ಮೇಲೆ ಹೊರಿಸುತ್ತಾರೆ, ಮೌನವನ್ನು ತಮಗೆ ತೋಚಿದಂತೆ ಅರ್ಥೈಸುತ್ತಾರೆ. ಪಮೇಲಾ ಹೈಂಡ್ಸ್ ಮತ್ತು ಮಾರ್ಕ್ ಮಾರ್ಟೆನ್‌ಸನ್ 2005ರಲ್ಲಿ ಬಹುರಾಷ್ಟ್ರೀಯ ಕಂಪನಿಯೊಂದರ 43 ತಂಡಗಳನ್ನು ಹೋಲಿಸಿದರು. ಚದುರಿದ ತಂಡಗಳಲ್ಲಿ ಜಗಳ ಹೆಚ್ಚಿತ್ತು. ಆದರೆ ನಾವೆಲ್ಲ ಒಂದೇ ತಂಡ ಎಂಬ ಭಾವ ಮತ್ತು ಪೂರ್ವನಿಗದಿಯಿಲ್ಲದ ಸಹಜ ಮಾತುಕತೆ ಇದ್ದಲ್ಲಿ ಅದು ತಗ್ಗಿತ್ತು.

ಬೆಂಗಳೂರಿನ ಯಾವುದೇ ಟೆಕ್ ಪಾರ್ಕಿನಲ್ಲಿ ಇದರ ನಿದರ್ಶನ ಸಿಗುತ್ತದೆ. ಟೆಸ್ಟ್ ಸರ್ವರ್‌ಗೆ ಅನುಮತಿ ಕೊಡಬೇಕಾದವರು ಅಲ್ಲಿ ಮಲಗಿರುತ್ತಾರೆ. ಇಲ್ಲಿನವರ ಇಡೀ ದಿನ ಕಾಯುವುದರಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಎದ್ದ ಮ್ಯಾನೇಜರ್‌ಗೆ ಕಾಣುವುದು ಟಿಕೆಟ್ ಹಾಗೇ ಬಿದ್ದಿದೆ ಎಂಬುದಷ್ಟೇ. ಮೇಲಿನವರನ್ನೆಲ್ಲ ಸಿಸಿಯಲ್ಲಿಟ್ಟು ಎಸ್ಕಲೇಷನ್ ಮೇಲ್ ಹೋಗುತ್ತದೆ. ತಂಡ ಬಾಯಿ ಮುಚ್ಚಿಕೊಳ್ಳುತ್ತದೆ, ಆ ಮೌನವನ್ನು ಅಸಡ್ಡೆಯೆಂದು ಆಚೆಯವರು ಓದುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸ್ಥಿತಿ ಬರುವುದು ಹೀಗೆ, ಎರಡೂ ಕಡೆ ಕೆಟ್ಟವರು ಯಾರೂ ಇಲ್ಲದೆಯೇ.

ಇದಕ್ಕೆಲ್ಲ ಸಂಸ್ಕೃತಿಯೇ ಕಾರಣವೆಂಬ ವಿವರಣೆ ಎರಡು ದಶಕಗಳಿಂದ ತರಬೇತಿ ಶಿಬಿರಗಳಲ್ಲಿ ಚಾಲ್ತಿಯಲ್ಲಿದೆ. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಅವರ ಸೂಚ್ಯಂಕದಲ್ಲಿ ಅಧಿಕಾರದ ಅಂತರಕ್ಕೆ (ಮೇಲು ಕೀಳಿನ ಅಧಿಕಾರವನ್ನು ಜನ ಒಪ್ಪಿಕೊಳ್ಳುವ ಮಟ್ಟಕ್ಕೆ) ಭಾರತ 77, ಅಮೆರಿಕ 40 ಅಂಕ ಪಡೆದಿರುವುದನ್ನು ತೋರಿಸಿ, ಭಾರತೀಯರು ಮೇಲಿನವರಿಗೆ ಎದುರಾಡುವುದಿಲ್ಲ ಎಂದು ಕಲಿಸುತ್ತಾರೆ. ಇದರಲ್ಲಿ ಸ್ವಲ್ಪ ನಿಜವಿದ್ದರೂ ಪೂರ್ತಿ ನಂಬುವುದು ಅಪಾಯ. ಕ್ಯಾಂಟೀನಿನಲ್ಲಿ ಯೋಜನೆಯ ಹುಳುಕನ್ನು ಎಳೆಎಳೆಯಾಗಿ ಬಿಡಿಸುವ ಇಂಜಿನಿಯರ್ ರಾತ್ರಿಯ ಕಾಲ್‌ನಲ್ಲಿ ಸುಮ್ಮನಿರುತ್ತಾರೆ. ಏಕೆಂದರೆ ಅವರ ಅಪ್ರೈಸಲ್ ಆಚೆಯವರ ಕೈಯಲ್ಲಿದೆ, ಹೇಳಿದರೂ ತೀರ್ಮಾನ ಬದಲಾಗುವುದಿಲ್ಲವೆಂಬ ಅನುಭವ ಬೆನ್ನಿಗಿದೆ. ಸಂಸ್ಕೃತಿಯೊಂದೇ ಕಾರಣವಲ್ಲ ಎಂಬುದಕ್ಕೆ ಇನ್ನೊಂದು ಪುರಾವೆ ಈಚಿನದು. ಈಗ ಬೆಂಗಳೂರಿನಲ್ಲೇ ಕೂತು ಪೋಲೆಂಡ್, ಮೆಕ್ಸಿಕೊ, ಫಿಲಿಪ್ಪೀನ್ಸ್‌ನ ತಂಡಗಳನ್ನು ನಡೆಸುವ ಕನ್ನಡಿಗರಿದ್ದಾರೆ. ನಾವು ಬೆಳಿಗ್ಗೆ ಹತ್ತಕ್ಕೆ ಇಟ್ಟ ಮೀಟಿಂಗ್ ಪೋಲೆಂಡಿನ ಕ್ರಾಕೋವ್‌ನಲ್ಲಿ ಚಳಿಗಾಲದ ಐದೂವರೆಗೆ ಶುರುವಾಗುತ್ತದೆ. ಶುಕ್ರವಾರ ಸಂಜೆಯ ಮೆಸೇಜಿಗೆ ಅಲ್ಲಿಂದ ಉತ್ತರ ಬಾರದಿದ್ದರೆ ಸೋಮಾರಿತನ ಎನ್ನುವ ಮಾತು ನಮ್ಮ ಬಾಯಲ್ಲೂ ಬರುತ್ತದೆ. ಕುರ್ಚಿ ಬದಲಾದರೆ ವರ್ತನೆಯೂ ಬದಲಾಗುತ್ತದೆ ಎಂದಾದರೆ ದೋಷವನ್ನು ಜನಾಂಗದಲ್ಲಿ ಹುಡುಕಿ ಫಲವಿಲ್ಲ.

ನಲವತ್ತು ವರ್ಷಗಳ ಅನುಭವದಿಂದ ನಮಗೆ ಕಾಣುವುದು ಇಷ್ಟು: ಹೊಣೆ ಒಂದು ಕಡೆ, ತೀರ್ಮಾನಿಸುವ ಅಧಿಕಾರ ಇನ್ನೊಂದು ಕಡೆ ಇರುವಷ್ಟು ಕಾಲ ಜಗಳ ತಪ್ಪದು. ಮಾತು ತಲುಪುವ ವೇಗ ಎಷ್ಟೋ ಪಟ್ಟು ಹೆಚ್ಚಿದರೂ ಅಧಿಕಾರದ ಹಂಚಿಕೆ ಅದರ ಜೊತೆ ಸಾಗಲಿಲ್ಲ. ಐಟಿ ಉದ್ಯಮದ ಸಂಘಟನೆ ನಾಸ್ಕಾಂ ಮತ್ತು ಸಲಹಾ ಸಂಸ್ಥೆ ಜಿನೊವ್ ವರದಿಯ ಪ್ರಕಾರ 2024ರ ಹೊತ್ತಿಗೆ ದೇಶದಲ್ಲಿ ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಕೆಲಸಕ್ಕೆ ತೆರೆದ 1,700ಕ್ಕೂ ಹೆಚ್ಚು ಜಾಗತಿಕ ಸಾಮರ್ಥ್ಯ ಕೇಂದ್ರಗಳಿದ್ದವು, ಅವುಗಳಲ್ಲಿ ಸುಮಾರು 19 ಲಕ್ಷ ಮಂದಿ ದುಡಿಯುತ್ತಿದ್ದರು. ಇಡೀ ಉತ್ಪನ್ನದ ಹೊಣೆಯನ್ನು ಬೆಂಗಳೂರಿಗೇ ವಹಿಸಿದ ಕಂಪನಿಗಳೂ ಇವೆ ಎಂಬುದು ನಿಜವಾದ ಗಳಿಕೆ. ಆದರೆ ದೊಡ್ಡ ಹುದ್ದೆಯ ಹೆಸರು ಇಲ್ಲಿಗೆ ಬಂದು, ಒಬ್ಬರನ್ನು ನೇಮಿಸಲೂ ರಾತ್ರಿಯ ಕಾಲ್‌ಗೆ ಕಾಯಬೇಕಾದ ಕಡೆಗಳೂ ಇವೆ.

ಫಲ ಕೊಡುವ ದಾರಿಗಳು ಕಷ್ಟದವಲ್ಲ. ಯಾವ ತೀರ್ಮಾನ ಯಾರದು ಎಂಬುದನ್ನು ಯೋಜನೆಯ ಮೊದಲ ವಾರದಲ್ಲೇ ಬರೆದಿಡಬೇಕು. ಅನನುಕೂಲದ ಹೊತ್ತನ್ನು ಸರದಿಯಂತೆ ಹಂಚಿಕೊಳ್ಳಬೇಕು: ಒಂದು ತಿಂಗಳು ನಮ್ಮ ರಾತ್ರಿ, ಮರು ತಿಂಗಳು ಅವರ ರಾತ್ರಿ. ಅಸಮಾಧಾನವಿದ್ದರೆ ಮೇಲ್ ಬರೆಯುವ ಮೊದಲು ಇಬ್ಬರೇ ಕರೆಯಲ್ಲಿ ಮಾತಾಡಬೇಕು. ನಾಲ್ಕು ಜನರನ್ನು ಸಿಸಿಯಲ್ಲಿಟ್ಟ ಮೇಲೆ ಯಾರಿಗೂ ಹಿಂದೆ ಸರಿಯಲು ಜಾಗವಿರುವುದಿಲ್ಲ. ಮ್ಯಾನೇಜರ್ ಜಗಳವಾದ ಮೇಲೆ ವಿಮಾನ ಹತ್ತುವ ಬದಲು ಕೆಲಸ ಶುರುವಾಗುವಾಗಲೇ ಬಂದು ಕೆಲವು ದಿನ ತಂಡದ ಜೊತೆ ಕೂರಬೇಕು. ಅಪ್ರೈಸಲ್‌ನಲ್ಲಿ ತಂಡವನ್ನು ದಿನವೂ ಕಾಣುವ ಇಲ್ಲಿನ ಹಿರಿಯರೊಬ್ಬರ ಮಾತಿಗೂ ತೂಕವಿರಬೇಕು. ತಂಡದ ಪಾಲಿನ ಕರ್ತವ್ಯವೂ ಇದೆ: ಕೆಲಸ ತಡವಾಗುತ್ತದೆಂದು ತಿಳಿದ ದಿನವೇ ಹೇಳಬೇಕು. ಡೆಡ್‌ಲೈನ್‌ನ ಹಿಂದಿನ ರಾತ್ರಿ ಹೇಳಿದ ಸತ್ಯ ನಂಬಿಕೆಯನ್ನು ಉಳಿಸುವುದಿಲ್ಲ.

ಸರ್ಕಾರದ ಪಾತ್ರವೂ ಸಣ್ಣದಲ್ಲ. ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಕಾನೂನಿಗೆ ತಂದಿವೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಕೆಲಸದ ಷರತ್ತುಗಳನ್ನು ಲಿಖಿತವಾಗಿ ಗೊತ್ತುಪಡಿಸಬೇಕೆನ್ನುತ್ತಿದ್ದ ಸ್ಥಾಯಿ ಆದೇಶ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ಕೊಟ್ಟ ವಿನಾಯಿತಿಯನ್ನು ಕರ್ನಾಟಕ 2024ರಲ್ಲಿ ಇನ್ನೈದು ವರ್ಷಕ್ಕೆ ವಿಸ್ತರಿಸಿತು. ಕಂಪನಿಯೊಳಗೆ ಕುಂದುಕೊರತೆ ಸಮಿತಿ ಇರಬೇಕೆಂಬುದು ಅದರ ಷರತ್ತುಗಳಲ್ಲೊಂದಾಗಿತ್ತು. ಮೇಲಧಿಕಾರಿ ಹೊರದೇಶದಲ್ಲಿದ್ದಾಗ ಈ ಸಮಿತಿ ದೂರನ್ನು ಹೇಗೆ ವಿಚಾರಿಸಬೇಕು, ಅವರು ಅದರ ಮುಂದೆ ಹೇಗೆ ಉತ್ತರಿಸಬೇಕು ಎಂಬುದನ್ನು ಸರ್ಕಾರ ಸ್ಪಷ್ಟಪಡಿಸಬೇಕು.

ಕಂಪನಿಗಳ ಮುಖ್ಯಸ್ಥರಲ್ಲಿ ನಮ್ಮ ಕೋರಿಕೆ ಒಂದೇ: ಕೆಲಸ ನಡೆಯುವಲ್ಲೇ ತೀರ್ಮಾನವೂ ನಡೆಯಲಿ. ಹೊರದೇಶದ ತಂಡಗಳನ್ನು ಇಲ್ಲಿಂದ ನಡೆಸುವ ಕನ್ನಡಿಗರೇ, ನಾವು ಪಟ್ಟ ಪಾಡನ್ನು ಆ ತಂಡಗಳ ಮೇಲೆ ಹೇರಬೇಡಿ. ಮುಂದಿನ ಮೀಟಿಂಗಿನ ಹೊತ್ತನ್ನು ಅವರನ್ನು ಕೇಳಿಯೇ ಗೊತ್ತುಮಾಡಿ.