ಶೇಕಡಾ 9ರಲ್ಲಿ ಧಾರವಾಡದವರೆಗೆ



ಕಳೆದ ತಿಂಗಳು ಧಾರವಾಡದಿಂದ ಅಣ್ಣನ ಫೋನ್ ಬಂತು. ಅವ್ವನನ್ನು ಆಸ್ಪತ್ರೆಗೆ ಸೇರಿಸಿದ್ದರು. ಕೈಗೆ ಸಿಕ್ಕ ನಾಲ್ಕು ಸೀರೆ ತುರುಕಿಕೊಂಡು ರೈಲು ಹತ್ತಿದೆ. ಚಾರ್ಜರ್ ಮನೆಯಲ್ಲೇ ಉಳಿಯಿತು. ಮಿರಜ ಬರುವಷ್ಟರಲ್ಲಿ ಮೊಬೈಲಿನಲ್ಲಿ ಉಳಿದದ್ದು ಶೇಕಡಾ 9. ಮಗನಿಗೆ ಹೇಳಿದೆ. “ಅಮ್ಮಾ, ಬ್ಯಾಟರಿ ಸೇವರ್ ಹಾಕು. ಸ್ವಲ್ಪ ಸ್ಲೋ ಆಗ್ತದ, ಆದರ ಸಾಯೂದಿಲ್ಲ” ಎಂದ. ಆ ಹೊತ್ತಿನಲ್ಲಿ ಆ ಕೊನೆಯ ಮಾತು ಎದೆಗೇ ತಾಗಿತು.

ಊರಿಂದ ಬಂದ ಮೇಲೆ ಅವನನ್ನು ಕೂರಿಸಿಕೊಂಡು ಕೇಳಿದೆ. ಇಂಗ್ಲಿಷ್ ಬಿ.ಎ. ಮಾಡಿದವಳಿಗೆ ಈ ಗೊಡವೆ ಏಕೆ ಎಂದು ನಗಬೇಡಿ, ನನಗೂ ಅರ್ಥವಾಯಿತು! ಸೇವರ್ ಹಾಕಿದಾಗ ಪರದೆ ಮಂಕಾಗುತ್ತದೆ, ಹಿನ್ನೆಲೆಯ ಕೆಲಸಗಳು ನಿಲ್ಲುತ್ತವೆ. ಹಲವು ಫೋನುಗಳಲ್ಲಿ ಚಿಪ್ಪಿನ ಓಟಕ್ಕೂ ಲಗಾಮು ಬೀಳುತ್ತದೆ. ಚಿಪ್ಪಿನಲ್ಲಿ ಕೋಟಿಗಟ್ಟಲೆ ಸಣ್ಣ ಸ್ವಿಚ್ಚುಗಳು. ಒಂದೊಂದು ಬದಲಾದಾಗಲೂ ಒಂದಿಷ್ಟು ವಿದ್ಯುತ್ ಖರ್ಚು. ಆ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. 1 ವೋಲ್ಟ್ ಬದಲು 0.8 ಕೊಟ್ಟರೆ 0.8ನ್ನು 0.8ರಿಂದಲೇ ಗುಣಿಸಬೇಕು: 0.64. ಅದೇ ಕೆಲಸಕ್ಕೆ ಶೇಕಡಾ 36 ಉಳಿತಾಯ.

“ಬರೀ ನಿಧಾನ ಮಾಡಿದರೆ ಸಾಲದೇನೋ?” ಎಂದೆ. ಸಾಲದಂತೆ. ಅರ್ಧ ವೇಗದಲ್ಲಿ ಎರಡು ಪಟ್ಟು ಹೊತ್ತು ದುಡಿದರೆ ಖರ್ಚು ಅಷ್ಟೇ. ಲಾಭವಿರುವುದು ವೋಲ್ಟೇಜ್ ಇಳಿಸುವುದರಲ್ಲಿ. ಆದರೆ ವೋಲ್ಟೇಜ್ ಇಳಿದರೆ ಸ್ವಿಚ್ಚುಗಳು ಮಂದವಾಗುತ್ತವೆ, ಹಾಗಾಗಿ ವೇಗವನ್ನೂ ಇಳಿಸಲೇಬೇಕು. ಇಳಿಯುವಾಗ ಮೊದಲು ವೇಗ, ಆಮೇಲೆ ವೋಲ್ಟೇಜ್. ಏರುವಾಗ ಮೊದಲು ವೋಲ್ಟೇಜ್. ಹಿಂದುಮುಂದಾದರೆ ಲೆಕ್ಕವೇ ತಪ್ಪುತ್ತದೆ. ತೀರಾ ಇಳಿಸುವಂತೆಯೂ ಇಲ್ಲ. ಸ್ವಿಚ್ಚು ಸುಮ್ಮನಿದ್ದರೂ ಸ್ವಲ್ಪ ವಿದ್ಯುತ್ ಸೋರುತ್ತಿರುತ್ತದೆ. ಕೆಲಸ ಬಹಳ ಎಳೆದರೆ ಆ ಸೋರಿಕೆಯೇ ಉಳಿತಾಯವನ್ನು ನುಂಗುತ್ತದೆ.

1994ರಲ್ಲೇ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದ ಮಾರ್ಕ್ ವೈಸರ್ ಮತ್ತು ಸಂಗಡಿಗರು, ಕೆಲಸದ ಒತ್ತಡ ನೋಡಿ ವೇಗ, ವೋಲ್ಟೇಜ್ ಬದಲಿಸುವ ಬಗ್ಗೆ ಪ್ರಬಂಧ ಬರೆದಿದ್ದರು. 2000ದಲ್ಲಿ ಇಂಟೆಲ್‌ನ ಸ್ಪೀಡ್‌ಸ್ಟೆಪ್, ಟ್ರಾನ್ಸ್‌ಮೆಟಾದ ಕ್ರೂಸೋ ಚಿಪ್ಪುಗಳ ಮೂಲಕ ಈ ವಿದ್ಯೆ ಲ್ಯಾಪ್‌ಟಾಪುಗಳಿಗೆ ಬಂತು. ಈಗ ನಿಮ್ಮ ಜೇಬಿನ ಮೊಬೈಲು ಸೇವರ್ ಇಲ್ಲದೆಯೂ ಸೆಕೆಂಡಿಗೆ ಹಲವು ಸಲ ಹೀಗೆ ಏರಿಳಿಯುತ್ತಿರುತ್ತದೆ.

ಅಂದು ಧಾರವಾಡದಲ್ಲಿ ಇಳಿದಾಗ ಶೇಕಡಾ 2 ಉಳಿದಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಚೀಲ ಇಡುವಷ್ಟರಲ್ಲಿ ಅಣ್ಣನ ಫೋನ್: “ಅವ್ವ ಕಣ್ಣು ತೆರದಾಳ. ಗಂಜಿ ಕುಡದಾಳ. ಗಾಬರಿ ಆಗಬ್ಯಾಡ, ಸೀದಾ ಆಸ್ಪತ್ರೆಗೇ ಬಾ.”

ಆಟೋದಲ್ಲಿ ಕುಳಿತಾಗ ಫೋನ್ ಆರಿತು. ಚಾರ್ಜರ್ ಈಗ ಪರ್ಸಿನಲ್ಲೇ ಇರುತ್ತದೆ.